ಟಲ್ಸಾದಿಂದ ಅಪ್ಪನಿಗೆ: ಅಗ್ಗದ ಅಂಗಡಿಗೆ ಯಾರ್‍ಯಾರು ಬರ್ತಾರೆ

ಟಲ್ಸಾ, ಒಕ್ಲಹೋಮ, ಅಮೆರಿಕ
ಅಕ್ಟೋಬರ್ 2024

ತೀರ್ಥರೂಪು ಅಪ್ಪನಿಗೆ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ?

ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಿ, "ಬೆಲೆ ಏರಿದ ಮೇಲೆ ಅಲ್ಲಿ ಸಾಹುಕಾರರೂ ಅಗ್ಗದ ಅಂಗಡಿಗೇ ಹೋಗ್ತಾರಂತೆ, ನಿಜವಾ?" ಅಂತ. ಇಷ್ಟು ವರ್ಷ ದಿನಸಿ ಅಂಗಡಿ ನಡೆಸಿದವರು ನೀವು. ಎರಡು ಮಾತಲ್ಲಿ ಹೇಳಿ ಮುಗಿಸಿದರೆ ನಿಮಗೆ ಸಮಾಧಾನ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹೌದು, ಹೋಗುತ್ತಾರೆ. ಆದರೆ ಅಲ್ಲಿ ನಿಜವಾಗಿ ದುಡ್ಡು ಉಳಿಸುವುದು ಮೊದಲೇ ಕೈಯಲ್ಲಿ ದುಡ್ಡಿರುವವರು. ಇದನ್ನು ನೋಡಿ ನೋಡಿ ನನಗೆ ಬೇಜಾರಾಗಿದೆ.

2022ರ ಜೂನ್‌ನಲ್ಲಿ ಇಲ್ಲಿ ಹಣದುಬ್ಬರ 9.1% ಮುಟ್ಟಿತು. ನಲವತ್ತು ವರ್ಷದಲ್ಲಿ ಅಷ್ಟು ಏರಿರಲಿಲ್ಲ. ಆ ಆಗಸ್ಟ್‌ನಲ್ಲಿ ಮನೆಗೆ ತರುವ ದಿನಸಿಯ ಬೆಲೆ ಹಿಂದಿನ ವರ್ಷಕ್ಕಿಂತ 13.5% ಜಾಸ್ತಿ ಇತ್ತು. ಈಗ ಏರುವ ವೇಗ ತಗ್ಗಿದೆ, ಏರಿದ ಬೆಲೆ ಮಾತ್ರ ಕೆಳಗೆ ಬಂದಿಲ್ಲ. ಇಡೀ ದೇಶಕ್ಕೆ ನಿಗದಿ ಮಾಡಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ನಮ್ಮ ಒಕ್ಲಹೋಮ ರಾಜ್ಯದಲ್ಲಿ ಇವತ್ತಿಗೂ ಅಷ್ಟೇ.

ಅಗ್ಗದ ಅಂಗಡಿ ಅಂದರೆ ಇಲ್ಲಿ ಹಲವು ಥರ. ಡಾಲರ್ ಜನರಲ್ ಅನ್ನುವುದು ಹಳ್ಳಿ, ಸಣ್ಣ ಊರುಗಳಲ್ಲಿ ಎಲ್ಲೆಲ್ಲೂ ಇದೆ. ದೇಶದಲ್ಲಿ ಇಪ್ಪತ್ತು ಸಾವಿರ ದಾಟಿವೆ. ಡಾಲರ್ ಟ್ರೀಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಎಲ್ಲ ಸಾಮಾನಿಗೂ ಒಂದೇ ಡಾಲರ್ ಇತ್ತು. 2021ರ ಕೊನೆಗೆ ಅದನ್ನು 1.25 ಮಾಡಿದರು. ಕಾಲು ಡಾಲರ್ ತಾನೇ ಅನ್ನಿಸಬಹುದು. ಆದರೆ ಒಂದೇ ಸಲಕ್ಕೆ 25% ಏರಿತು, ನೋಡಿ. ಮತ್ತೆ ಆಲ್ಡಿ ಇದೆ, ಅಲ್ಲಿ ಬಹುಪಾಲು ಸಾಮಾನು ಅವರದೇ ಬ್ರಾಂಡಿನದು. ಇನ್ನು ದೊಡ್ಡ ದೊಡ್ಡ ಕಟ್ಟುಗಳಲ್ಲಿ ಮಾರುವ ಕಾಸ್ಟ್‌ಕೋ ಒಳಗೆ ಹೋಗಬೇಕಾದರೆ ಸದಸ್ಯರಾಗಿರಬೇಕು. ವರ್ಷಕ್ಕೆ 60 ಡಾಲರ್ ಇದ್ದದ್ದು ಈ ಸೆಪ್ಟೆಂಬರ್‌ನಿಂದ 65 ಆಗಿದೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರಿದ್ದಾರೆ, ಗಂಡ ಹೆಂಡತಿ ಇಬ್ಬರಿಗೂ ಒಳ್ಳೆ ಸಂಬಳ. ಗ್ಯಾರೇಜಿನಲ್ಲಿ ಇನ್ನೊಂದು ದೊಡ್ಡ ಫ್ರೀಜರ್ ಇಟ್ಟುಕೊಂಡಿದ್ದಾರೆ. ಮಾಂಸ, ಬೆಣ್ಣೆ ಎಲ್ಲ ದರ ಇಳಿದಾಗ ಕಾಸ್ಟ್‌ಕೋದಿಂದ ತಂದು ತುಂಬುತ್ತಾರೆ. ಮೂವತ್ತು ರೋಲಿನ ಟಾಯ್ಲೆಟ್ ಪೇಪರ್ ಕಟ್ಟು ಒಂದೇ ಸಲ ಬರುತ್ತದೆ. ಡಾಲರ್ ಟ್ರೀಗೂ ಹೋಗುತ್ತಾರೆ, ಬಲೂನು, ಗ್ರೀಟಿಂಗ್ ಕಾರ್ಡ್, ಗಿಫ್ಟ್ ಕವರ್ ತರುವುದಕ್ಕೆ. ಬೇಕಿದ್ದನ್ನು ಮಾತ್ರ ಆರಿಸಿಕೊಂಡು, ಉಳಿದದ್ದಕ್ಕೆ ಬೇರೆ ಅಂಗಡಿಗೆ ಕಾರು ತಿರುಗಿಸುತ್ತಾರೆ. ಇಂಥವರು ದೇಶದ ತುಂಬ ಹೆಚ್ಚಿದ್ದಾರೆ. 2022ರ ಕೊನೆಗೆ, ಅಗ್ಗದ ದರಕ್ಕೆ ಹೆಸರಾದ ವಾಲ್‌ಮಾರ್ಟ್ ಕಂಪನಿಯೇ ಹೇಳಿತ್ತು. ದಿನಸಿ ಮಾರುಕಟ್ಟೆಯಲ್ಲಿ ಅದಕ್ಕೆ ಹೊಸದಾಗಿ ಸಿಕ್ಕ ಪಾಲಿನಲ್ಲಿ ಸುಮಾರು ಮುಕ್ಕಾಲು ಭಾಗ ವರ್ಷಕ್ಕೆ ಒಂದು ಲಕ್ಷ ಡಾಲರ್ ಮೇಲೆ ದುಡಿಯುವ ಮನೆಗಳಿಂದ ಬಂದಿತ್ತಂತೆ. ಇದರಲ್ಲಿ ತಪ್ಪೇನೂ ಇಲ್ಲ. ದುಡ್ಡು ಉಳಿಸಲು ಯಾರಿಗೆ ಇಷ್ಟ ಇಲ್ಲ?

ಇನ್ನು ನಮ್ಮ ಆಫೀಸು ಕ್ಲೀನ್ ಮಾಡುವ ಒಬ್ಬ ಹೆಂಗಸಿನ ಕಥೆ ಕೇಳಿ. ಮೊಮ್ಮಗುವನ್ನು ಅವರೇ ಸಾಕುತ್ತಿದ್ದಾರೆ. ಕಾರಿಲ್ಲ. ಮನೆಯಿಂದ ನಡೆದು ಹೋಗುವ ದೂರದಲ್ಲಿ ಇರುವುದು ಒಂದೇ ಡಾಲರ್ ಅಂಗಡಿ. ನಾಲ್ಕು ರೋಲಿನ ಪೇಪರ್, ಸಣ್ಣ ಬಾಟಲಿ ಸೋಪು, ಕೆಲವೇ ದಿನಕ್ಕೆ ಆಗುವಷ್ಟು ಡಯಾಪರ್. ಲೆಕ್ಕ ಹಾಕಿದರೆ ಒಂದೊಂದು ರೋಲಿಗೆ, ಒಂದೊಂದು ಡಯಾಪರಿಗೆ ಅವರೇ ಜಾಸ್ತಿ ಕೊಡುತ್ತಾರೆ. ಅದು ಅವರಿಗೆ ಚೆನ್ನಾಗಿ ಗೊತ್ತು. ದೊಡ್ಡ ಡಬ್ಬ ಕೊಳ್ಳುವಷ್ಟು ದುಡ್ಡು ಒಂದೇ ದಿನ ಕೈಯಲ್ಲಿ ಇರುವುದಿಲ್ಲ, ಅಷ್ಟೇ. ನಮ್ಮ ಅಂಗಡಿಗೆ ದಿನಾ ಸಂಜೆ ಬಂದು ಕಾಲು ಲೀಟರ್ ಎಣ್ಣೆ ಒಯ್ಯುತ್ತಿದ್ದವರ ಹಾಗೆಯೇ ಅಪ್ಪ. ಆದರೆ ಇಲ್ಲಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸಾಲ ಕೊಡುವ ನಿಮ್ಮಂಥವರು ಕೌಂಟರಿನಲ್ಲಿ ಇಲ್ಲ.

ಮಿಷಿಗನ್ ವಿಶ್ವವಿದ್ಯಾಲಯದವರು ಟಾಯ್ಲೆಟ್ ಪೇಪರ್ ಒಂದನ್ನೇ ಹಿಡಿದು ಇದನ್ನು ಅಧ್ಯಯನ ಮಾಡಿದ್ದಾರೆ. ಹಾಳಾಗುವ ಸಾಮಾನಲ್ಲ, ಎಲ್ಲರಿಗೂ ಬೇಕು, ಅದಕ್ಕೇ ಅದನ್ನು ಆರಿಸಿದ್ದು. ಬಡವರು ಅಗ್ಗದ ಬ್ರಾಂಡು ಕೊಂಡು ಉಳಿಸಿದ್ದರಲ್ಲಿ ಒಂದಷ್ಟನ್ನು, ಸಣ್ಣ ಕಟ್ಟು ಕೊಳ್ಳುವುದರಿಂದ ಕಳೆದುಕೊಳ್ಳುತ್ತಾರೆ. ದರ ಇಳಿಯುವ ದಿನಕ್ಕೆ ಕಾಯುವುದೂ ಅವರಿಗೆ ಕಷ್ಟ. ತಿಂಗಳ ಮೊದಲಲ್ಲಿ, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವಾಗ, ಅವರೂ ಉಳ್ಳವರ ಹಾಗೇ ಜಾಣತನದಿಂದ ಕೊಳ್ಳುತ್ತಾರಂತೆ. "ಬಡವರಿಗೆ ದುಡ್ಡು ನಿಭಾಯಿಸಲು ಬರಲ್ಲ" ಅನ್ನುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ತಿಂಗಳ ಕೊನೆ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಬಡವರಿಗೆ ಸ್ನ್ಯಾಪ್ ಅಂತ ಸರ್ಕಾರದ ಆಹಾರ ನೆರವು ಇದೆ. ತಿಂಗಳ ಮೊದಲ ಹತ್ತು ದಿನದೊಳಗೆ ಕಾರ್ಡಿಗೆ ದುಡ್ಡು ಬೀಳುತ್ತದೆ. ಅದರಲ್ಲಿ ಸೋಪು, ಪೇಪರ್, ಡಯಾಪರ್ ಕೊಳ್ಳುವಂತಿಲ್ಲ, ಅದಕ್ಕೆಲ್ಲ ಕೈಯಿಂದಲೇ ಹಾಕಬೇಕು. ಕೋವಿಡ್ ಕಾಲದಲ್ಲಿ ಈ ನೆರವು ಪಡೆಯುವ ಪ್ರತಿ ಮನೆಗೂ ತಿಂಗಳಿಗೆ ಕಮ್ಮಿ ಅಂದರೂ 95 ಡಾಲರ್ ಜಾಸ್ತಿ ಕೊಡುತ್ತಿದ್ದರು. 2023ರ ಮಾರ್ಚ್‌ನಿಂದ ಅದು ನಿಂತಿತು, ಬೆಲೆ ಇನ್ನೂ ಮೇಲಿರುವಾಗಲೇ. ಈ ಆಗಸ್ಟ್‌ನಲ್ಲಿ ಡಾಲರ್ ಜನರಲ್ ಮುಖ್ಯಸ್ಥರು ಹೇಳಿದ ಮಾತು ನೋಡಿ. ಅವರ ವ್ಯಾಪಾರದಲ್ಲಿ ಸುಮಾರು 60% ತರುವ ಖಾಯಂ ಗಿರಾಕಿಗಳು ಹೆಚ್ಚಾಗಿ ವರ್ಷಕ್ಕೆ 35,000 ಡಾಲರ್‌ಗಿಂತ ಕಡಿಮೆ ಆದಾಯದವರು. ಮತ್ತೆ ಆ ಮೂರು ತಿಂಗಳಲ್ಲಿ ವ್ಯಾಪಾರ ತೀರಾ ಬಿದ್ದದ್ದು ಪ್ರತಿ ತಿಂಗಳ ಕೊನೆಯ ವಾರ. ಅಂಗಡಿಯವರಿಗೂ ಕಾಣುವಷ್ಟು ಜನರ ಕೈ ಖಾಲಿಯಾಗಿದೆ.

ಇನ್ನೊಂದು ವಿಷಯ ಓದಿ ನನಗೆ ತುಂಬ ಸಂಕಟ ಆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟೋ ಕವಾಲೋ ಮತ್ತು ಜೊತೆಯವರು ಹತ್ತು ದೇಶಗಳ ಅಂಗಡಿಗಳ ಬೆಲೆ ಹೋಲಿಸಿ ನೋಡಿದ್ದಾರೆ. ಒಂದೇ ಸಾಮಾನಿನಲ್ಲಿ ದುಬಾರಿ ಬ್ರಾಂಡಿಗಿಂತ ಅಗ್ಗದ ಬ್ರಾಂಡಿನ ಬೆಲೆಯೇ ಬೇಗ ಬೇಗ ಏರಿದೆ, 1.3ರಿಂದ 1.9 ಪಟ್ಟು ವೇಗದಲ್ಲಿ. ಸ್ಥಿತಿವಂತರು ಒಂದು ಮೆಟ್ಟಿಲು ಕೆಳಗಿಳಿದು ಅಗ್ಗದ ಬ್ರಾಂಡು ಹಿಡಿಯಬಹುದು. ಮೊದಲೇ ಕೊನೆಯ ಮೆಟ್ಟಿಲಲ್ಲಿ ನಿಂತವರು ಎಲ್ಲಿಗೆ ಇಳಿಯಬೇಕು?

ಟಲ್ಸಾದವರಿಗೆ ಡಾಲರ್ ಅಂಗಡಿಗಳ ಜಗಳ ಹೊಸದಲ್ಲ. ಊರಿನ ಉತ್ತರ ಭಾಗದಲ್ಲಿ, ಕಪ್ಪು ಜನರು ಜಾಸ್ತಿ ಇರುವ ಕಡೆ, ಡಾಲರ್ ಅಂಗಡಿಗಳು ಹೆಚ್ಚಾಗಿ, ತಾಜಾ ತರಕಾರಿ ಸಿಗುವ ಅಂಗಡಿ ಇಲ್ಲದ ಹಾಗಾಗಿತ್ತು. 2018ರಲ್ಲಿ ನಗರಸಭೆ ಅಲ್ಲಿಗೆ ಒಂದು ನಿಯಮ ತಂದಿತು. ಹೊಸ ಡಾಲರ್ ಅಂಗಡಿ ತೆರೆಯುವುದಾದರೆ ಅಂಥ ಇನ್ನೊಂದರಿಂದ ಒಂದು ಮೈಲಿ ದೂರ ಇರಬೇಕು. 2021ರಲ್ಲಿ ಅಲ್ಲಿ ಒಯಾಸಿಸ್ ಅನ್ನುವ ದೊಡ್ಡ ದಿನಸಿ ಅಂಗಡಿ ಬಂತು. ಒಳ್ಳೆ ಕೆಲಸ ಅಂತಲೇ ನಾನು ಹೇಳುತ್ತೇನೆ. ಈ ಆಗಸ್ಟ್ 29ರಿಂದ ರಾಜ್ಯದವರು ದಿನಸಿ ಮೇಲಿನ 4.5% ತೆರಿಗೆಯನ್ನೂ ತೆಗೆದರು. ನಗರದ ತೆರಿಗೆ ಉಳಿದಿದೆ, ಸೋಪಿನ ಮೇಲಿನದ್ದಂತೂ ಹಾಗೇ ಇದೆ. ಸ್ನ್ಯಾಪ್ ಕಾರ್ಡಿನಲ್ಲಿ ಕೊಳ್ಳುವುದಕ್ಕೆ ಮೊದಲೂ ತೆರಿಗೆ ಇರಲಿಲ್ಲ. ಹಾಗಾಗಿ ಅತಿ ಬಡವರಿಗೆ ಇದರಿಂದ ಸಿಕ್ಕಿದ್ದು ಸ್ವಲ್ಪವೇ.

ಶನಿವಾರ ನಾನು ಆಲ್ಡಿಗೆ ಹೋಗುವಾಗ ಆ ಕ್ಲೀನಿಂಗ್ ಕೆಲಸದವರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ. ಈ ಸಲ ದೊಡ್ಡ ಡಬ್ಬ ಡಯಾಪರ್ ನಾನೇ ಕೊಂಡು, ಅವರು ವಾರ ವಾರ ಸ್ವಲ್ಪ ಸ್ವಲ್ಪ ಕೊಡುವುದು ಅಂತ ಮಾತಾಡಿಕೊಂಡಿದ್ದೇವೆ. ಅವರಿಗೆ ಮುಜುಗರ ಆಗದ ಹಾಗೆ ಈ ಲೆಕ್ಕ ಹೇಗೆ ಇಡುವುದು, ಅಪ್ಪ? ನೀವು ಕೊಟ್ಟ ಸಾಲವನ್ನು ಹೇಗೆ ಕೇಳುತ್ತಿದ್ದಿರಿ, ಯಾವಾಗ ಕೇಳದೆ ಬಿಡುತ್ತಿದ್ದಿರಿ, ಭಾನುವಾರ ಫೋನ್ ಮಾಡಿದಾಗ ಹೇಳಿ.

ಅಮ್ಮನಿಗೆ ಮಾತ್ರೆ ತಪ್ಪಿಸಬೇಡ ಅಂತ ಹೇಳಿ. ಅಜ್ಜಿಗೆ ನಮಸ್ಕಾರ.

ನಿಮ್ಮ ಪ್ರೀತಿಯ ಮಗಳು