ಗೂಡು ಕಟ್ಟೋ ಮುಂಚೆ ಇದನ್ನು ಓದು, ಮಂಜು

ಮಂಜು,

ನಾಟಿ ಕೋಳಿ ಸಾಕಲಾ, ಗಿರಿರಾಜ ತಳಿ ತರಲಾ ಅಂತ ಕೇಳಿದ್ದೆಯಲ್ಲ. ಫೋನಲ್ಲಿ ಹೇಳಿದರೆ ನೀನು ಅರ್ಧ ಮರೀತೀಯ, ಅದಕ್ಕೇ ಬರೀತಿದ್ದೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೇನೆ.

ಮೊದಲು ಒಂದು ತೀರ್ಮಾನ ಮಾಡು. ನಿನಗೆ ಬೇಕಿರೋದು ಮೊಟ್ಟೆನಾ, ಇಲ್ಲಾ ತಾನಾಗೇ ಮರಿ ಮಾಡಿಕೊಂಡು ಹೋಗೋ ಕೋಳಿನಾ? ಎರಡೂ ಒಂದೇ ಕೋಳಿಯಲ್ಲಿ ಸಿಗಲ್ಲ.

ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೇ ಹುಟ್ಟಿದ್ದು, 1989ರಲ್ಲಿ ರೈತರ ಕೈಗೆ ಬಂತು. ಹಿತ್ತಲಲ್ಲಿ ಬಿಟ್ಟು ಸಾಕೋಕೆ ಅಂತಲೇ ಮಾಡಿದ ತಳಿ, ಮೈಬಣ್ಣವೂ ನಾಟಿ ಥರಾನೇ. ಸರಿಯಾಗಿ ಮೇವು ಹಾಕಿದರೆ ವರ್ಷಕ್ಕೆ 130ರಿಂದ 150 ಮೊಟ್ಟೆ. 2005ರಲ್ಲಿ ಬಂದ ಸ್ವರ್ಣಧಾರ ಅನ್ನೋ ತಳಿ ಇನ್ನೂ ಜಾಸ್ತಿ ಇಡುತ್ತೆ. ನಾಟಿ ಹೇಂಟೆ 60 ಇಟ್ಟರೆ ದೊಡ್ಡದು.

ಆದರೆ ನಾಟಿ ಯಾಕೆ ಕಮ್ಮಿ ಇಡುತ್ತೆ ನೋಡು. ಹತ್ತು ಹನ್ನೆರಡು ಮೊಟ್ಟೆ ಆಯ್ತು ಅಂದರೆ ಅದಕ್ಕೆ ಕಾವು ಬಂತು. ಮಂಕರಿ ಬಿಟ್ಟು ಏಳಲ್ಲ, ಕೈ ಹಾಕಿದರೆ ಪುಕ್ಕ ಕೆದರಿಕೊಂಡು ಕುಟುಕುತ್ತೆ, ಮೊಟ್ಟೆಗೆ ಮೈಬಿಸಿ ನೇರ ತಾಗೋ ಹಾಗೆ ಎದೆಯ ಗರಿ ಉದುರಿರುತ್ತೆ, ದಿನಕ್ಕೊಂದು ಸಲ ಎದ್ದು ಕಾಳು ತಿಂದು ಹಿಕ್ಕೆ ಹಾಕಿ ಓಡಿ ಬಂದು ಮತ್ತೆ ಕೂತುಬಿಡುತ್ತೆ. 21 ದಿನ ಹೀಗೇ. ಆಮೇಲೆ ಮರಿ ಕಟ್ಟಿಕೊಂಡು ವಾರಗಟ್ಟಲೆ ತಿರುಗಾಟ, ಅಷ್ಟೂ ದಿನ ಮೊಟ್ಟೆ ಇಲ್ಲ. ಮರಿ ಮಾಡಿಸಿ ಮಾರೋ ಹ್ಯಾಚರಿಗೆ ಇದು ಬರೀ ನಷ್ಟ, ಕಾವು ಕೊಡೋಕೆ ಅಲ್ಲಿ ಮೆಷಿನ್ ಇದೆಯಲ್ಲ. ಅದಕ್ಕೇ ಕಾವು ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿ, ಆ ಗುಣವನ್ನೇ ಹೆಚ್ಚುಕಮ್ಮಿ ಅಳಿಸಿಬಿಟ್ಟಿದ್ದಾರೆ.

ಗಿರಿರಾಜದ್ದು ಇನ್ನೊಂದು ತೊಡಕು. ಅದು ಬೇರೆ ಬೇರೆ ಕೋಳಿಗಳನ್ನು ಕೂಡಿಸಿ ಪಡೆದ ತಳಿ. ಅದರ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿ ಥರ ಬರಲ್ಲ, ಒಂದೊಂದು ಒಂದೊಂದು ಥರ. ಹಾಗಾಗಿ ಪ್ರತಿ ಸಲ ಮರಿ ಕೊಂಡು ತರಬೇಕು, ಶುರುವಿನ ವಾರಗಳಲ್ಲಿ ಬಲ್ಬ್ ಹಾಕಿ ಬೆಚ್ಚಗಿಡಬೇಕು. ಹದ್ದು ಕಂಡರೆ ಕೂಗಿ ರೆಕ್ಕೆಯೊಳಗೆ ಸೇರಿಸಿಕೊಳ್ಳೋಕೆ ತಾಯಿ ಇರಲ್ಲ. ನೀನೇ ತಾಯಿ.

ನಾಟಿಗೆ ರೋಗಾನೇ ಬರಲ್ಲ ಅಂತಾರಲ್ಲ, ಅದೆಲ್ಲ ಸುಮ್ನೆ. ಕೊಕ್ಕರೆ ರೋಗ (ರಾಣಿಖೇತ್) ಬಡಿದರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಯಾವ ಮರಿಯಾದರೂ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ ಲಸೋಟಾ, ಅಂದರೆ ಈ ರೋಗದ ಲಸಿಕೆ, ಹಾಕಿಸು. ಲಸಿಕೆಯನ್ನು ಐಸ್ ಜೊತೆ ಇಟ್ಟುಕೊಂಡೇ ತಾ, ಬಿಸಿಲಲ್ಲಿ ಜೇಬಲ್ಲಿಟ್ಟು ತಂದರೆ ಬರೀ ನೀರು.

ನನ್ನ ಕೇಳಿದರೆ ಎರಡು ನಾಟಿ ಹೇಂಟೆ, ಒಂದು ಹುಂಜದಿಂದ ಶುರು ಮಾಡು. ಮನೆಗೆ ಮೊಟ್ಟೆ ಸಾಲಲ್ಲ ಅಂದರೆ ಜೊತೆಗೆ ನಾಲ್ಕು ಸ್ವರ್ಣಧಾರ ಇರಲಿ. ಸಂತೆಯಲ್ಲಿ ಮಾತ್ರ ಹುಷಾರು, ಬಣ್ಣದ ಫಾರಂ ಕೋಳೀನೂ ನಾಟಿ ಅಂತಲೇ ಮಾರ್ತಾರೆ. ಕೊಕ್ಕಿನ ತುದಿ ಕತ್ತರಿಸಿದ್ದರೆ ಅದು ಫಾರಂನದೇ. ಊರಲ್ಲಿ ಗೊತ್ತಿರೋರ ಮನೇಲಿ ತಗೊಳ್ಳೋದು ವಾಸಿ, ಆದರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯೋ ಮುಂಚೆ ಹೋಗು. ಬಿಟ್ಟಮೇಲೆ ಅವು ನಿನ್ನ ಕೈಗೆ ಸಿಗಲ್ಲ.

ನಿನ್ನ,
ರವಿ