450 ಎಂದು ಹೇಳಿದವರು ಯಾರು?

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಿ.ಎ. ಮಕ್ಕಳಿಗೆ ಆಕರ, ಅಂದರೆ ಮಾಹಿತಿಯ ಮೂಲ, ಹುಡುಕುವುದನ್ನು ಹೇಗೆ ಕಲಿಸಲಿ ಎಂದು ಕೇಳಿದ್ದೀಯ. ಒಂದೇ ತಾಸಿನಲ್ಲಿ ಹತ್ತು ಜಾಲತಾಣ ತೋರಿಸಿ ಮುಗಿಸಬೇಡ. ಅದು ಸಂತೆ ಸುತ್ತಿ ಬರಿ ಚೀಲ ಹಿಡಿದು ಮನೆಗೆ ಬಂದಂತೆ. ಎಲ್ಲರೂ ನಂಬಿರುವ ಒಂದೇ ಒಂದು ಮಾತನ್ನು ಕೈಗೆ ಕೊಟ್ಟು, ಅದು ಹುಟ್ಟಿದ ಜಾಗದವರೆಗೆ ಹೋಗಲು ಹೇಳು.

ಹಲ್ಮಿಡಿ ಶಾಸನವನ್ನೇ ತೆಗೆದುಕೋ. ಕ್ರಿ.ಶ. 450 ಎಂದು ಮಕ್ಕಳು ಕಂಠಪಾಠ ಒಪ್ಪಿಸುತ್ತಾರೆ. ಆದರೆ ಆ ಕಲ್ಲಿನ 16 ಸಾಲುಗಳಲ್ಲಿ ಎಲ್ಲೂ ಕಾಲದ ಉಲ್ಲೇಖವಿಲ್ಲ. ಲಿಪಿಯ ರೂಪ ನೋಡಿ, ಅದರಲ್ಲಿ ಬರುವ ಕಾಕುಸ್ಥನೆಂಬ ಹೆಸರನ್ನು ಕದಂಬರ ಕಾಕುಸ್ಥವರ್ಮನಿಗೆ ಹೊಂದಿಸಿ ಮಾಡಿದ ಊಹೆ ಅದು. ಕಾಲವನ್ನು ಇನ್ನೂ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ. ‘ಈ ಸಂಖ್ಯೆ ಯಾರದು, ಯಾವ ಆಧಾರದ ಮೇಲೆ?’ ಎಂದು ಕೇಳು. ವಿಕಿಪೀಡಿಯದ ಅಡಿಟಿಪ್ಪಣಿಯಿಂದ ಒಂದು ಪುಸ್ತಕಕ್ಕೆ, ಆ ಪುಸ್ತಕದ ಅಡಿಟಿಪ್ಪಣಿಯಿಂದ ಎಂ.ಎಚ್. ಕೃಷ್ಣ ಅವರ ಕಾಲದ, 1936ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಗೆ ಅವರೇ ನಡೆದುಹೋಗಲಿ. ದಾರಿಯಲ್ಲಿ ಎಷ್ಟು ಜನ ಮೂಲ ನೋಡದೆ ಒಬ್ಬರನ್ನೊಬ್ಬರು ನಕಲು ಮಾಡಿದ್ದಾರೆಂಬುದು ಕಣ್ಣಿಗೆ ಬೀಳುತ್ತದೆ. ವಿಕಿಪೀಡಿಯ ಮುಟ್ಟಬೇಡಿ ಎನ್ನುವ ಮೇಷ್ಟ್ರ ಮಾತು ನನಗೆ ಹಿಡಿಸದು. ಅದರ ಕೆಳಭಾಗದಿಂದ ಓದಿ ಎಂದರೆ ಸಾಕು.

ಶಾಸನಗಳ ವಿಷಯದಲ್ಲಿ ಒಂದು ಗುಂಡಿ ಇದೆ, ಮೊದಲೇ ತೋರಿಸಿಬಿಡು. ನಮ್ಮ ಶಾಸನಗಳನ್ನು ಒಟ್ಟುಗೂಡಿಸಿದ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕಕ್ಕೆ ಎರಡು ಮುದ್ರಣಗಳಿವೆ: 1886ರಲ್ಲಿ ಬಿ.ಎಲ್. ರೈಸ್ ಶುರುಮಾಡಿದ್ದು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕರಿಸಿದ್ದು. ಬೇಲೂರಿನ ಶಾಸನಗಳು ಹಳೆಯದರಲ್ಲಿ 5ನೆಯ ಸಂಪುಟ, ಹೊಸದರಲ್ಲಿ 9ನೆಯದು, ಶಾಸನಸಂಖ್ಯೆಗಳೂ ಬೇರೆ. ಯಾವ ಮುದ್ರಣವೆಂದು ಬರೆಯದಿದ್ದರೆ ಒಂದೇ ಕಲ್ಲು ಎರಡು ಸಾಕ್ಷಿಗಳಾಗಿ ಎಣಿಕೆಯಾಗುತ್ತದೆ.

ಇನ್ನು ಹುಡುಕುಪದ. ಪ್ರತಿಯೊಬ್ಬರೂ ಮೂರು ಕಾಲಂ ಎಳೆಯಲಿ: ಕನ್ನಡ ಲಿಪಿ, ಇಂಗ್ಲಿಷ್ ಪದ, ರೋಮನ್ ಲಿಪ್ಯಂತರ. ರೋಮನ್‌ನಲ್ಲಿ ‘ವಚನ’ದ ‘ಚ’ಕ್ಕೆ ನಮ್ಮವರು ‘ಸಿಎಚ್’ ಹಾಕುತ್ತಾರೆ, ಹೊರಗಿನ ವಿದ್ವಾಂಸರು ಬರಿಯ ‘ಸಿ’. ‘ಏನೂ ಸಿಗಲಿಲ್ಲ ಮೇಡಂ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಆ ಒಂದು ಅಕ್ಷರ.

ಪಿಎಚ್.ಡಿ. ಪ್ರಬಂಧಗಳ ಜಾಲಭಂಡಾರ ಶೋಧಗಂಗಾದ ಕನ್ನಡ ಪ್ರಬಂಧಗಳಲ್ಲಿ ತೊಡಕು ಬೇರೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ತೋರಿಸು. ಪರದೆಯ ಮೇಲೆ ಅಂದವಾಗಿದ್ದ ಕನ್ನಡ ಅಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ. ಕಣ್ಣಿಗೆ ಕಂಡದ್ದು ಯಂತ್ರಕ್ಕೆ ಕಾಣುತ್ತಿಲ್ಲ. ಅಂಥ ಕಡತದಲ್ಲಿ ಕಂಟ್ರೋಲ್-ಎಫ್ ಒತ್ತಿ ‘ಇಲ್ಲ’ ಎಂದು ತೀರ್ಮಾನಿಸಬಾರದು. ಪರಿವಿಡಿಯನ್ನೂ ಗ್ರಂಥಋಣವನ್ನೂ ಕೈಯಾರೆ ಓದಬೇಕು. ಗ್ರಂಥಋಣದ ಕೊನೆಯ ಪುಸ್ತಕ ಯಾವ ವರ್ಷದ್ದು ಎಂದು ನೋಡಿದರೆ ಪ್ರಬಂಧದ ಓದು ಎಲ್ಲಿಗೆ ನಿಂತಿತೆಂದು ಅರ್ಧ ಗೊತ್ತಾಗುತ್ತದೆ. ವಿದ್ವತ್ ಪತ್ರಿಕೆಗಳ ಜಾಲಸಂಗ್ರಹ ಜೆಸ್ಟೋರ್‌ನಲ್ಲಿ ಎಷ್ಟೋ ಪತ್ರಿಕೆಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆ ಇರುವುದಿಲ್ಲ, ಅದನ್ನೂ ಹೇಳು.

ಮೌಲ್ಯಮಾಪನಕ್ಕೆ ಇಂಗ್ಲಿಷಿನಿಂದ ಇಳಿಸಿಕೊಂಡ ಚೆಕ್‌ಲಿಸ್ಟ್ ಹಂಚಬೇಡ. ‘ಪೀರ್ ರಿವ್ಯೂ (ಅಚ್ಚಿಗೆ ಮುನ್ನ ಇತರ ತಜ್ಞರ ಪರಿಶೀಲನೆ) ಆಗಿದ್ದರೆ ಮಾತ್ರ’ ಎಂಬ ಜರಡಿ ಹಿಡಿದರೆ ಕನ್ನಡದ ಒಳ್ಳೆಯ ಸಂಶೋಧನೆಯೇ ಸೋರಿಹೋಗುತ್ತದೆ. ಅದು ಅಭಿನಂದನ ಗ್ರಂಥಗಳಲ್ಲಿ, ಲೇಖನ ಸಂಕಲನಗಳಲ್ಲಿ ಕೂತಿದೆ; ಎಂ.ಎಂ. ಕಲಬುರ್ಗಿಯವರ ‘ಮಾರ್ಗ’ ಸಂಪುಟಗಳೇ ಇಲ್ಲವೇ? ಅತ್ತ ಐಎಸ್‌ಎಸ್‌ಎನ್ ಇದ್ದರೆ ಪತ್ರಿಕೆ ಘನವೆಂದು ಮಕ್ಕಳು ತಿಳಿಯುತ್ತಾರೆ. ಅದು ಗುರುತಿನ ಸಂಖ್ಯೆ ಅಷ್ಟೆ, ಗುಣದ ಮುದ್ರೆಯಲ್ಲ. ಹಳಗನ್ನಡದಿಂದ ನರ್ಸಿಂಗ್‌ವರೆಗೆ ಎಲ್ಲವನ್ನೂ ಅಚ್ಚುಮಾಡಿ, ಹಣ ಕಟ್ಟಿದ ಮೂರನೇ ದಿನ ‘ಸ್ವೀಕೃತ’ ಎನ್ನುವ ಪತ್ರಿಕೆಯನ್ನು ಬಾಗಿಲಲ್ಲೇ ತಡೆಯಬೇಕು. ಒಪ್ಪಿತ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಆದ್ದರಿಂದ ಮುಖಪುಟದ ಆ ಮೊಹರಿಗೆ ಮರುಳಾಗಬೇಡಿ ಎನ್ನು.

ಎಐ ಕೊಟ್ಟ ಪುಸ್ತಕಪಟ್ಟಿ ತಂದರೆ ಬೈಯಬೇಡ. ಒಂದೊಂದನ್ನೂ ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹುಡುಕಿಸು. ನಿಜವಾದ ಲೇಖಕರಿಗೆ ಅವರು ಬರೆಯದ ಪುಸ್ತಕವನ್ನು ಅಂಟಿಸುವುದು ಅದರ ಚಾಳಿ; ಹೆಸರು ಪರಿಚಿತವಾದ್ದರಿಂದಲೇ ಮೋಸ ಹೋಗುತ್ತೇವೆ.

20 ಅಂಕದ ಕೆಲಸವಾದರೆ 8 ಅಂಕ ಹುಡುಕಾಟದ ದಿನಚರಿಗೆ ಇಡು: ಯಾವ ಪದ, ಎಲ್ಲಿ, ಎಷ್ಟು ಸಿಕ್ಕಿತು, ಯಾವುದನ್ನು ಏಕೆ ಬಿಟ್ಟೆ. ‘ಏಕೆ ಬಿಟ್ಟೆ’ ಎಂಬ ಕಾಲಂ ಖಾಲಿ ಇದ್ದರೆ ಹಾಳೆಯನ್ನು ಹಿಂದಿರುಗಿಸು.

ಇತಿ,
ನಿನ್ನ ದೊಡ್ಡಮ್ಮ