ಕತ್ತರಿಸಿದ ದುಡ್ಡು ಎಲ್ಲಿ ಹೋಯಿತು? ಮಗಳಿಗೊಂದು ಪತ್ರ

ಶಿವಮೊಗ್ಗ
ನವೆಂಬರ್ 2025

ಚಿ. ಪುಟ್ಟಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ಬೆಳಗಿನ ವಾಕಿಂಗ್ ತಪ್ಪಿಸುತ್ತಿಲ್ಲ.

ಜರ್ಮನಿಯ ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನೀನು ಕಳಿಸಿದ ಅಕ್ಟೋಬರ್ ಸಂಬಳದ ಚೀಟಿಯ ಫೋಟೋ ನೋಡಿದೆ. "3,200 ಯೂರೋ ಅಂತ ಹೇಳಿ ಕರ್ಕೊಂಡು ಬಂದ್ರು, ಕೈಗೆ ಬಂದಿದ್ದು 2,164. ಸಾವಿರಕ್ಕಿಂತ ಜಾಸ್ತಿ ಹಿಡ್ಕೊಂಡಿದಾರೆ ಅಮ್ಮಾ" ಅಂದಿದ್ದೆಯಲ್ಲ, ನಿನ್ನ ದನಿಯಲ್ಲಿದ್ದ ಬೇಸರ ನನಗೆ ಹೊಸದಲ್ಲ. ಬಿಇಒ ಕಚೇರಿಯಲ್ಲಿ ಸಂಬಳದ ಬಿಲ್ಲು ಬರೆಯುತ್ತಿದ್ದಾಗ ಹೊಸದಾಗಿ ನೌಕರಿಗೆ ಸೇರಿದ ಮೇಷ್ಟ್ರುಗಳು ಮೊದಲ ತಿಂಗಳು ಇದೇ ಪ್ರಶ್ನೆ ಹಿಡಿದು ನನ್ನ ಟೇಬಲ್ಲಿನ ಮುಂದೆ ನಿಲ್ಲುತ್ತಿದ್ದರು. ಕೆಜಿಐಡಿ ಎಂಬ ಸರ್ಕಾರಿ ನೌಕರರ ಜೀವ ವಿಮೆ ಯಾಕೆ, ವೃತ್ತಿ ತೆರಿಗೆ 200 ಯಾಕೆ, ಗುಂಪು ವಿಮೆ ಯಾಕೆ ಎಂದು ಕೇಳುತ್ತಿದ್ದರು. ಅವರನ್ನು ಕೂರಿಸಿಕೊಂಡು ಒಂದೊಂದು ಕಾಲಂ ತೋರಿಸಿ ಹೇಳುತ್ತಿದ್ದೆ. ನಿನ್ನನ್ನು ಎದುರಿಗೆ ಕೂರಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೆ ಈ ಕಾಗದ. ನಿಧಾನವಾಗಿ, ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದು.

ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ಏಜೆಂಟ್ ನಿನಗೆ ಹೇಳಿದ್ದು ಬ್ರುಟ್ಟೊ, ಅಂದರೆ ಒಟ್ಟು ಸಂಬಳ. ಖಾತೆಗೆ ಬರುವುದು ನೆಟ್ಟೊ. ಸಂದರ್ಶನದ ದಿನವೇ ಎರಡನ್ನೂ ಹೇಳಬೇಕಾಗಿದ್ದದ್ದು ಅವನ ಕರ್ತವ್ಯ. ಹೇಳದೆ ಹೋದದ್ದು ತಪ್ಪೇ. ಆದರೆ ನಡುವಿನ ಸಾವಿರ ಯೂರೋ ಯಾರೋ ಹೊಡೆದುಕೊಂಡದ್ದಲ್ಲ. ಅದರಲ್ಲಿ ತೆರಿಗೆ ಎಂದು ಹೋಗಿರುವುದು ಸುಮಾರು 346 ಮಾತ್ರ. ಉಳಿದ 689 ಯೂರೋ 60 ಸೆಂಟ್ ನಾಲ್ಕು ವಿಮೆಗಳ ಕಂತು. ಚೀಟಿಯಲ್ಲಿ ಕೆವಿ, ಆರ್‌ವಿ, ಎವಿ, ಪಿವಿ ಎಂದಿವೆಯಲ್ಲ, ಅವೇ. ನಾಲ್ಕೂ ನಿನ್ನ ಹೆಸರಿನಲ್ಲಿ ಕಟ್ಟಿದ ದುಡ್ಡು, ನಾಲ್ಕರ ಮೇಲೂ ನಿನಗೆ ಹಕ್ಕಿದೆ. ನಾನು ಹೇಳಬೇಕೆಂದಿರುವುದು ಇದೊಂದೇ. ಕಟ್ಟುವುದನ್ನು ಕಟ್ಟಿ, ಅದರಿಂದ ಸಿಗುವುದನ್ನು ಕೇಳದೆ ಇದ್ದರೆ ಆಗ ನಿಜವಾಗಿ ನಷ್ಟ.

ಮೊದಲು ಕೆವಿ, ಆರೋಗ್ಯ ವಿಮೆ. ಇದನ್ನೇ ಮೊದಲು ಹಿಡಿಯಲು ಕಾರಣವಿದೆ. ಅಜ್ಜ ಅಜ್ಜಿಯರನ್ನು ಹಾಸಿಗೆಯಿಂದ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ, ಆದರೆ ಡಾಕ್ಟರ ಫೀಸು ಎಷ್ಟಾಗುತ್ತದೋ ಎಂದು ಮಾತ್ರೆ ನುಂಗಿ ಸುಮ್ಮನಿದ್ದೀನಿ ಎಂದೆಯಲ್ಲ, ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪುಟ್ಟಿ, ಆ ಫೀಸನ್ನು ನೀನು ಆಗಲೇ ಕಟ್ಟಿದ್ದೀಯ. ಸಂಬಳದ ಶೇ. 14.6 ಆರೋಗ್ಯ ವಿಮೆಗೆ, ಅದರಲ್ಲಿ ಅರ್ಧ ನಿನ್ನದು, ಅರ್ಧ ಕೆಲಸ ಕೊಟ್ಟವರದು. ಅದರ ಮೇಲೆ ಒಂದೊಂದು ವಿಮಾ ಸಂಸ್ಥೆ ಒಂದಿಷ್ಟು ಹೆಚ್ಚುವರಿ ಕಂತು ಹಾಕುತ್ತದೆ. ನಿನ್ನದು 2.5, ಅದೂ ಅರ್ಧರ್ಧ. ಹೀಗೆ ನಿನ್ನ ಪಾಲು 273 ಯೂರೋ 60 ಸೆಂಟ್. ಫೋಟೋ ಇರುವ ಆ ವಿಮಾ ಕಾರ್ಡು ತೋರಿಸಿದರೆ ಸಾಕು, ಡಾಕ್ಟರನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಬರೆದುಕೊಟ್ಟ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ. ಫಿಸಿಯೋಥೆರಪಿ ಬರೆದುಕೊಟ್ಟರೆ ಡಾಕ್ಟರ ಒಂದು ಚೀಟಿಗೆ 10 ಯೂರೋ, ಜೊತೆಗೆ ಖರ್ಚಿನ ಹತ್ತನೇ ಒಂದು ಪಾಲು. ಆಸ್ಪತ್ರೆಗೆ ಸೇರಿದರೂ ದಿನಕ್ಕೆ 10 ಯೂರೋ ಅಷ್ಟೇ.

ರಜೆ ಹಾಕಿದರೆ ಸಂಬಳ ಹೋಗುತ್ತದೆಂಬ ಹೆದರಿಕೆಯೂ ಬೇಡ. ಕೆಲಸಕ್ಕೆ ಸೇರಿ ನಾಲ್ಕು ವಾರ ದಾಟಿದ ಮೇಲೆ ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳವನ್ನು ಮಾಲೀಕರೇ ಕೊಡಬೇಕು, ಅದು ಅಲ್ಲಿನ ಕಾನೂನು. ಆಮೇಲೆ ವಿಮಾ ಸಂಸ್ಥೆ ಒಟ್ಟು ಸಂಬಳದ ಶೇ. 70ರ ಲೆಕ್ಕದಲ್ಲಿ ಕೊಡುತ್ತದೆ. ಬೆಳಿಗ್ಗೆ ಶಿಫ್ಟ್ ಶುರುವಾಗುವ ಮೊದಲೇ ಫೋನ್ ಮಾಡಿ ತಿಳಿಸು, ಡಾಕ್ಟರ ಪ್ರಮಾಣಪತ್ರ ಆನ್‌ಲೈನಿನಲ್ಲೇ ವಿಮಾ ಸಂಸ್ಥೆಗೆ ಹೋಗುತ್ತದೆ. ಇನ್ನೊಂದು ಮಾತು. ಕೆಲಸದ ವೇಳೆ ಯಾರನ್ನಾದರೂ ಎತ್ತುವಾಗ ಸೊಂಟ ಒಮ್ಮೆಲೇ ಹಿಡಿದುಕೊಂಡಿದ್ದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳು. ಕೆಲಸದಲ್ಲಿ ಆದ ಅಪಘಾತಕ್ಕೆ ಬೇರೆಯೇ ವಿಮೆ ಇದೆ, ಅದರ ಕಂತು ಪೂರ್ತಿ ಮಾಲೀಕರದು. ಅದಕ್ಕೇ ಅದು ನಿನ್ನ ಕಟಾವಣೆಯಲ್ಲಿ ಕಾಣುವುದಿಲ್ಲ.

ಪಿವಿ ಎಂದರೆ ಆರೈಕೆ ವಿಮೆ. "ನನಗೆ ಇನ್ನೂ ಮದುವೆಯೇ ಆಗಿಲ್ಲ, ಮಕ್ಕಳಿಲ್ಲ ಅಂತ ಜಾಸ್ತಿ ಹಿಡಿದಿದ್ದಾರಂತೆ" ಎಂದು ಕೇಳಿದ್ದು ಇದರ ಬಗ್ಗೆಯೇ. ಹೌದು, ಒಟ್ಟು ಶೇ. 3.6ರಲ್ಲಿ ನಿನ್ನ ಅರ್ಧ 1.8. ಇಪ್ಪತ್ತಮೂರು ದಾಟಿದ, ಮಕ್ಕಳಿಲ್ಲದವರು ಮೇಲೆ 0.6 ಕೊಡಬೇಕು. ಈ 0.6ಕ್ಕೆ ಮಾಲೀಕರ ಪಾಲಿಲ್ಲ. ಒಟ್ಟು 76 ಯೂರೋ 80 ಸೆಂಟ್. ಮುಂದೆ ಮುದುಕರನ್ನು ನೋಡಿಕೊಳ್ಳುವ ತಲೆಮಾರನ್ನು ಬೆಳೆಸುತ್ತಿರುವವರಿಗೆ ಸ್ವಲ್ಪ ಕಡಿಮೆ ಭಾರ ಇರಲಿ ಎಂಬುದು ಅವರ ವಾದ. ಮದುವೆಯಾಗದ ಹುಡುಗಿಗೆ ಇದು ಸರಿ ಕಾಣದೆ ಇರುವುದು ಸಹಜ, ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಈ ವಿಮೆ 1995ರಲ್ಲಿ ಶುರುವಾಗಿದ್ದೇ ನೀನು ಕೆಲಸ ಮಾಡುವಂಥ ಆರೈಕೆಯ ಮನೆಗಳ ಖರ್ಚಿಗೆ ಹೆಗಲು ಕೊಡಲು. ಪ್ರತಿ ಬೆಳಿಗ್ಗೆ ನಿನ್ನ ಕೈ ಹಿಡಿದು ಮಂಚದಿಂದ ಇಳಿಯುತ್ತಾರೆ ಎಂದೆಯಲ್ಲ, ಆ ಅಜ್ಜಿಯ ಖರ್ಚಿನ ಒಂದು ಪಾಲು ಇಲ್ಲಿಂದಲೇ ಬರುತ್ತದೆ, ನಿನ್ನ ಸಂಬಳವೂ.

ಆರ್‌ವಿ ಎಲ್ಲಕ್ಕಿಂತ ದೊಡ್ಡ ಮೊತ್ತ, 297 ಯೂರೋ 60 ಸೆಂಟ್. ಅದು ಪಿಂಚಣಿ. ನೀನು ಶೇ. 9.3 ಕಟ್ಟಿದರೆ ಅಷ್ಟನ್ನೇ ಮಾಲೀಕರೂ ಕಟ್ಟುತ್ತಾರೆ. ಜರ್ಮನಿಯ ವೃದ್ಧಾಪ್ಯ ವಿಮೆಯ ಕಾಯಿದೆ ಬಿಸ್ಮಾರ್ಕ್ ಕಾಲದ್ದು, 1889ರಲ್ಲಿ ಆಗಿ 1891ರ ಜನವರಿ 1ರಂದು ಜಾರಿಗೆ ಬಂತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ನೌಕರರಿಗೆ ಜೀವ ವಿಮೆ, ಈಗಿನ ಕೆಜಿಐಡಿ, ಶುರುವಾಗಿದ್ದೂ 1891ರಲ್ಲಿಯೇ. ನನ್ನ ಸಂಬಳದಿಂದ ತಿಂಗಳು ತಿಂಗಳೂ ಹಿಡಿದ ಆ ಕೆಜಿಐಡಿ ದುಡ್ಡಿನ ಮೇಲೆ ಸಾಲ ತೆಗೆದೇ ನಿನ್ನ ನರ್ಸಿಂಗ್ ಕಾಲೇಜಿನ ಎರಡನೇ ವರ್ಷದ ಫೀಸು ಕಟ್ಟಿದ್ದು. ಹಿಡಿಯುವಾಗ ನನಗೂ ಕಷ್ಟವೇ ಆಗುತ್ತಿತ್ತು.

ಅಲ್ಲಿಯ ಪಿಂಚಣಿಗೆ ಕನಿಷ್ಠ ಐದು ವರ್ಷ ಕಂತು ಕಟ್ಟಿರಬೇಕು. "ನಾಲ್ಕೇ ವರ್ಷಕ್ಕೆ ವಾಪಸ್ ಬಂದರೆ?" ಎಂದು ಅಪ್ಪ ಕೇಳಿದರು. ಭಾರತಕ್ಕೂ ಜರ್ಮನಿಗೂ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ, 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ನೀನು ಪಿಎಫ್ ಕಟ್ಟಿದ ಅವಧಿಯನ್ನೂ ಅರ್ಹತೆಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ದುಡ್ಡು ಮಾತ್ರ ಆಯಾ ದೇಶದವರು ತಮ್ಮ ತಮ್ಮ ಪಾಲಿನದನ್ನು ಕೊಡುತ್ತಾರೆ. ಆದ್ದರಿಂದ ನಿನ್ನ ಜೊತೆಯವರು ಹೇಳಿದರೆಂದು ಇಲ್ಲಿಯ ಪಿಎಫ್ ಪಿಂಚಣಿ ದುಡ್ಡನ್ನು ಈಗಲೇ ತೆಗೆಯಬೇಡ. ಯುಎಎನ್ ನಂಬರ್ ಬರೆದಿಡು. ಐದು ವರ್ಷಕ್ಕೆ ಮೊದಲೇ ಆ ದೇಶ ಬಿಟ್ಟು ಬಂದರೆ, ಎರಡು ವರ್ಷ ಕಾದು ಅರ್ಜಿ ಹಾಕಿ ಕಟ್ಟಿದ್ದನ್ನು ವಾಪಸ್ ಪಡೆಯಲೂ ಅವಕಾಶವಿದೆ. ಆದರೆ ಬರುವುದು ನಿನ್ನ ಪಾಲು ಮಾತ್ರ, ಮಾಲೀಕರ ಪಾಲು ಬರುವುದಿಲ್ಲ. ಅರ್ಧ ಬಿಟ್ಟುಕೊಟ್ಟು ಅರ್ಧ ಪಡೆಯುವ ಆತುರ ಬೇಡ ಎಂಬುದು ನನ್ನ ಅಭಿಪ್ರಾಯ.

ಎವಿ ನಿರುದ್ಯೋಗ ವಿಮೆ, 41 ಯೂರೋ 60 ಸೆಂಟ್. ಒಂದು ವರ್ಷ ಕಟ್ಟಿದ ಮೇಲೆ ಕೆಲಸ ಹೋದರೆ ಕೆಲವು ತಿಂಗಳು ನೆಟ್ಟೊದ ಶೇ. 60ರಷ್ಟು ಸಿಗುತ್ತದೆ. ಅದು ಬೇಕಾಗದಿರಲಿ.

ಇನ್ನು ತೆರಿಗೆ. ಚೀಟಿಯ ಮೇಲ್ಭಾಗದಲ್ಲಿ ತೆರಿಗೆ ವರ್ಗ 1 ಎಂದಿದೆ. ಮದುವೆಯಾಗದವರಿಗೆ ಅದೇ ಸರಿ. ಅಲ್ಲಿ 6 ಎಂದು ಕಂಡರೆ ತಕ್ಷಣ ಆಫೀಸಿಗೆ ಹೋಗಿ ಕೇಳು. ಹನ್ನೊಂದು ಅಂಕಿಯ ತೆರಿಗೆ ನಂಬರ್ ಸಿಕ್ಕಿಲ್ಲದಿದ್ದರೆ ಆ ವರ್ಗಕ್ಕೆ ಹಾಕಿಬಿಡುತ್ತಾರೆ, ಆಗ ತೆರಿಗೆ ತುಂಬ ಜಾಸ್ತಿ. ನಿನ್ನ ರೂಮ್‌ಮೇಟ್ ಮಂಗಳೂರಿನ ಹುಡುಗಿಗೆ ಅದೇ ಸಂಬಳವಿದ್ದೂ ಸುಮಾರು 28 ಯೂರೋ ಕಡಿಮೆ ಬಂದಿತೆಂದೆ. ಅವಳು ಕ್ಯಾಥೊಲಿಕ್, ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಧರ್ಮದ ಕಾಲಂ ತುಂಬಿರುತ್ತಾಳೆ. ಅಲ್ಲಿ ಚರ್ಚಿಗೆ ಸೇರಿದವರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿಕೊಡುತ್ತದೆ. ನೀವಿರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8. ಅವಳ ಚೀಟಿಯಲ್ಲಿ ತಪ್ಪಾಗಿಲ್ಲ ಎಂದು ಅವಳಿಗೂ ಹೇಳು, ಪಾಪ ಗಾಬರಿಯಾಗಿರುತ್ತಾಳೆ.

ಈ ತೆರಿಗೆಯಲ್ಲಿ ನಿನಗೆ ವಾಪಸ್ ಬರಬೇಕಾದದ್ದಿದೆ, ಇದನ್ನು ಗಮನವಿಟ್ಟು ಓದು. ತಿಂಗಳ ತೆರಿಗೆಯನ್ನು ನೀನು ಹನ್ನೆರಡು ತಿಂಗಳೂ ಇಷ್ಟೇ ಸಂಪಾದಿಸುತ್ತೀಯ ಎಂದುಕೊಂಡು ಹಿಡಿಯುತ್ತಾರೆ. ನೀನು ಸೇರಿದ್ದು ಸೆಪ್ಟೆಂಬರ್ 1ಕ್ಕೆ. ಡಿಸೆಂಬರಿನವರೆಗೆ ನಾಲ್ಕು ತಿಂಗಳಿಗೆ 12,800 ಯೂರೋ. ಅದರಲ್ಲಿ ನೌಕರರಿಗೆಲ್ಲ ಕೊಡುವ 1,230 ಯೂರೋ ವಿನಾಯಿತಿ ಮತ್ತು ವಿಮೆಯ ಕಂತು ಕಳೆದರೆ 2025ರ ತೆರಿಗೆರಹಿತ ಮಿತಿಯಾದ 12,096ಕ್ಕಿಂತ ಕೆಳಗೇ ಉಳಿಯುತ್ತದೆ. ಜನವರಿಯಿಂದ ಬೆಂಗಳೂರಿನಲ್ಲಿ ಪಡೆದ ಸಂಬಳವನ್ನೂ ಅವರಿಗೆ ತಿಳಿಸಬೇಕು. ಅದಕ್ಕೆ ಅಲ್ಲಿ ತೆರಿಗೆ ಹಾಕುವುದಿಲ್ಲ, ದರ ನಿಗದಿ ಮಾಡಲು ಸೇರಿಸಿಕೊಳ್ಳುತ್ತಾರೆ. ನಿನ್ನ ಆಗಿನ ಸಂಬಳ ಸೇರಿಸಿದರೂ ನನ್ನ ಲೆಕ್ಕಕ್ಕೆ ಹಿಡಿದ ತೆರಿಗೆ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬರಬೇಕು. ಆದರೆ ತಾನಾಗಿ ಬರುವುದಿಲ್ಲ. ವರ್ಷ ಮುಗಿದ ಮೇಲೆ ಆಫೀಸಿನವರು ಇಡೀ ವರ್ಷದ ತೆರಿಗೆ ಪ್ರಮಾಣಪತ್ರ ಕೊಡುತ್ತಾರೆ. ಅದನ್ನಿಟ್ಟುಕೊಂಡು ಎಲ್ಸ್ಟರ್ ಎಂಬ ಸರ್ಕಾರದ ವೆಬ್‌ಸೈಟಿನಲ್ಲಿ 2026ರ ಜುಲೈ 31ರೊಳಗೆ ರಿಟರ್ನ್ ಹಾಕು, ಅದಕ್ಕೆ ಫೀಸಿಲ್ಲ. ಎಲ್ಸ್ಟರ್ ಖಾತೆಯ ಕೋಡ್ ಅಂಚೆಯಲ್ಲಿ ಬರುತ್ತದೆ, ಆದ್ದರಿಂದ ಜನವರಿಯಲ್ಲೇ ನೋಂದಾಯಿಸು. ಬೆಂಗಳೂರಿನ ಸಂಬಳದ ಚೀಟಿಗಳು ನಿನ್ನ ಹಳೆಯ ನೀಲಿ ಫೈಲಿನಲ್ಲಿವೆ, ನಾಳೆಯೇ ಸ್ಕ್ಯಾನ್ ಮಾಡಿಸಿ ಕಳಿಸುತ್ತೇನೆ.

ಟಿವಿ ರೇಡಿಯೋ ಶುಲ್ಕ ತಿಂಗಳಿಗೆ 18 ಯೂರೋ 36 ಸೆಂಟ್ ಸಂಬಳದಲ್ಲಿ ಹಿಡಿಯುವುದಿಲ್ಲ, ಕಾಗದ ಬರುತ್ತದೆ. ಒಂದು ಮನೆಗೆ ಒಂದೇ, ಇಬ್ಬರೂ ಕಟ್ಟಬೇಡಿ.

ಊರಿನ ವಿಷಯ. ದೊಡ್ಡಮ್ಮ ಮೊನ್ನೆ ಬಂದು "ಪುಟ್ಟಿಗೆ ಮೂರು ಲಕ್ಷ ಅಂತೆ" ಎಂದರು. ಇಲ್ಲ ಅಕ್ಕ, ಕೈಗೆ ಬರುವುದು ಅದರಲ್ಲಿ ಮೂರನೇ ಎರಡು ಪಾಲು, ಬಾಡಿಗೆ ಊಟ ಅದರಲ್ಲೇ ಆಗಬೇಕು ಎಂದು ಹೇಳಿದ್ದೇನೆ. ಯಾರು ಸಾಲ ಕೇಳಿ ಮೆಸೇಜ್ ಹಾಕಿದರೂ ನೀನು ಉತ್ತರ ಕೊಡಬೇಡ, ನನಗೆ ಕಳಿಸು. ಜರ್ಮನ್ ಕ್ಲಾಸಿಗೆ ಮಾಡಿದ ಸಾಲದ ಕಂತನ್ನು ಮಾರ್ಚಿನವರೆಗೆ ನನ್ನ ಪಿಂಚಣಿಯಲ್ಲೇ ಕಟ್ಟುತ್ತೇನೆ, ಅಪ್ಪನೂ ಒಪ್ಪಿದ್ದಾರೆ.

ಕೊನೆಗೊಂದು ಕೆಲಸ. ನೀನು ಮೊದಲ ಪುಟದ ಫೋಟೋ ಮಾತ್ರ ಕಳಿಸಿದ್ದೀಯ. ರಾತ್ರಿ ಪಾಳಿಯ ಭತ್ಯೆ ಅದರಲ್ಲಿ ಕಾಣಲಿಲ್ಲ. ರಾತ್ರಿ 8ರಿಂದ ಬೆಳಿಗ್ಗೆ 6ರವರೆಗಿನ ಕೆಲಸಕ್ಕೆ ಮೂಲ ಸಂಬಳದ ಶೇ. 25ರವರೆಗೆ, ಭಾನುವಾರಕ್ಕೆ ಶೇ. 50ರವರೆಗೆ ಕೊಡುವ ಭತ್ಯೆಗೆ ತೆರಿಗೆ ಇಲ್ಲ, ನಿನ್ನ ಸಂಬಳದ ಮಟ್ಟಕ್ಕೆ ವಿಮೆಯ ಕಂತೂ ಇಲ್ಲ. ಅಕ್ಟೋಬರಿನಲ್ಲಿ ಎಷ್ಟು ರಾತ್ರಿ ಮಾಡಿದೆ ಎಂದು ಡ್ಯೂಟಿ ಪಟ್ಟಿ ನೋಡಿ ಬರೆ, ಎರಡನೇ ಪುಟವನ್ನೂ ಕಳಿಸು. ತಾಳೆ ನೋಡಿ ಹೇಳುತ್ತೇನೆ. ಡಾಕ್ಟರ ಹತ್ತಿರ ಮಾತ್ರ ಈ ವಾರವೇ ಹೋಗು.

ಇಂತಿ,
ನಿನ್ನ ಅಮ್ಮ